ಮಂಜಿನಲ್ಲಿ ಅರ್ಧ ದಾರಿ

ನಾನು ಅಡುಗೆ ಮಾಡುವ ಹೋಟೆಲಿನ ಹಿಂಬಾಗಿಲಲ್ಲಿ ತಂಗಿ ಸೂಟ್‌ಕೇಸ್ ಹಿಡಿದು ನಿಂತಿದ್ದಳು. ಅವಳ ಬೆನ್ನ ಹಿಂದೆ ಐರ್ಲೆಂಡಿನ ಡನ್ ಲಿಯರಿಯ ಬಂದರು ಮಂಜಿನಲ್ಲಿ ಕರಗಿಹೋಗಿತ್ತು.

"ಸಂಜೆ ಫ್ಲೈಟ್ ಅಣ್ಣಾ. ಬೆಂಗಳೂರಿಗೆ ವಾಪಸ್."

"ಯಾಕೆ? ವರ್ಕ್ ಪರ್ಮಿಟ್ ರಿನ್ಯೂ ಆಗಲ್ವಾ?"

"ಎಷ್ಟು ಸಲ ಹೇಳೋದು ನಿಂಗೆ! ನಿಂದು ಬೇರೆ, ನಂದು ಬೇರೆ. ಅಲ್ಲಿನ ಆಫೀಸು ಇಲ್ಲಿಗೆ ಸ್ವಲ್ಪ ದಿನಕ್ಕೆ ಅಂತ ಕಳಿಸಿದ್ದು. ಕೆಲಸ ಮುಗೀತು, ಪರ್ಮಿಟ್ಟೂ ಮುಗೀತು."

ಹೇಳಿದ್ದಳು, ನಿಜ. ನನ್ನ ಪರ್ಮಿಟ್ ಪ್ರತಿ ಸಲ ಮುಂದುವರಿದಿತ್ತು. ಅವಳದ್ದೂ ಹಾಗೇ ಎಂದುಕೊಂಡಿದ್ದೆ. ಅವಳು ತನ್ನ ಆಫೀಸಿದ್ದ ಸಿಟಿವೆಸ್ಟಿನಿಂದ ಫೋನ್ ಮಾಡಿ, ಸಮುದ್ರದೊಳಗೆ ಚಾಚಿದ ಕಟ್ಟೆಯ ಮೇಲೆ ದೀಪಸ್ತಂಭದವರೆಗೆ ನಡೆಯೋಣ ಎಂದಾಗಲೆಲ್ಲ "ಮುಂದಿನ ವಾರ" ಎನ್ನುತ್ತಿದ್ದೆ. ದಣಿವು ಎಂಬುದು ನೆಪ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ, ಓದಿದ ತಂಗಿಯ ಜೊತೆ ಏನು ಮಾತಾಡಲಿ ಎಂಬ ಸಂಕೋಚವಿತ್ತು.

ಸೂಟ್‌ಕೇಸನ್ನು ಅಡುಗೆಮನೆಯಲ್ಲೇ ಬಿಟ್ಟು ಹೊರಟೆವು. ಸಮುದ್ರ ಯಾವುದು, ಆಕಾಶ ಯಾವುದು ತಿಳಿಯಲಿಲ್ಲ. ನಮ್ಮ ಹೆಜ್ಜೆ ಸದ್ದೇ ಬೇರೆ ಯಾರದೋ ಎಂಬಂತೆ ದೂರದಿಂದ ಕೇಳುತ್ತಿತ್ತು. ಚಿಕ್ಕಂದಿನ ಹಾಗೆ ಅವಳು ನನ್ನ ತೋಳು ಹಿಡಿದಿದ್ದಳು. ಮಾತೇ ಬೇಕಾಗಲಿಲ್ಲ. ಅರ್ಧ ದಾರಿಯಲ್ಲಿ, ಒಂದು ಬೆಂಚಿನ ಹತ್ತಿರ, ಅವಳನ್ನು ಏರ್‌ಪೋರ್ಟಿಗೆ ಕರೆದೊಯ್ಯಬೇಕಿದ್ದ ಟ್ಯಾಕ್ಸಿಯವನ ಫೋನ್ ಬಂತು.

"ಗ್ರ್ಯಾಂಡ್ ಅಣ್ಣಾ, ಇಷ್ಟಾದ್ರೂ ಬಂದ್ಯಲ್ಲ!" ಎಂದು, ಎಲ್ಲದಕ್ಕೂ 'ಗ್ರ್ಯಾಂಡ್' ಎನ್ನುವ ಇಲ್ಲಿಯವರ ಧಾಟಿಯಲ್ಲೇ ನಕ್ಕಳು.

ಈಗ ರಜೆಯ ದಿನಗಳಲ್ಲಿ ಅಲ್ಲಿಗೇ ಹೋಗುತ್ತೇನೆ. ಬಿಸಿಲಿದ್ದರೆ ದೀಪಸ್ತಂಭ ಹತ್ತಿರದಲ್ಲೇ ಕಾಣುತ್ತದೆ. ಆದರೂ ನಾವು ಅಂದು ಹಿಂತಿರುಗಿದ ಬೆಂಚಿನಿಂದ ಮುಂದಕ್ಕೆ ಒಬ್ಬನೇ ಹೋಗಲು ಕಾಲು ಏಳುವುದಿಲ್ಲ.