ಸದ್ದು ಮಾಡದ ಟೈರು

ನನ್ನ ಸೈಕಲ್ಲಿಗೆ ನಾನು ಟೈರು ಆರಿಸಿದ್ದು ರಸ್ತೆ ನೋಡಿ ಅಲ್ಲ, ಮಣ್ಣು ನೋಡಿ ಅಲ್ಲ, ಎದುರುಮನೆ ಆಂಟಿಯ ಬಾಯಿಗೆ ಹೆದರಿ. ಹೇಳಿಕೊಳ್ಳೋಕೇ ನಾಚಿಕೆ.

ಆಫೀಸಿನವರೊಬ್ಬರು ಮಾರಿದ ಮೌಂಟನ್ ಬೈಕ್ ಅದು. ದಪ್ಪ ಬಟನ್ ಟೈರು, ಮೈತುಂಬಾ ರಬ್ಬರಿನ ಉಬ್ಬುಗಳು. ಶನಿವಾರ, ಭಾನುವಾರ ಬೆಳಗಿನ ಜಾವ ಜಯನಗರದಿಂದ ಬನಶಂಕರಿ ದಾಟಿ ತುರಹಳ್ಳಿ ಕಡೆಯ ಮಣ್ಣುದಾರಿಗೆ ಹೋಗಿ ಬರ್ತಿದ್ದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನದು ಅಂತ ನನಗಿದ್ದಿದ್ದು ಅದೊಂದೇ. ಅತ್ತೆಗೆ ಗೊತ್ತಾದರೆ ಅದಕ್ಕೂ ಕಲ್ಲು ಬೀಳುತ್ತೆ ಅಂತ, ಸೈಕಲ್ಲು ನನ್ನ ಗಂಡನದು, ನಾನು ಹೋಗೋದು ವಾಕಿಂಗು ಅಂತ ಹೇಳಿಬಿಟ್ಟಿದ್ದೆ. ಗಂಡನೋ ಎಂಟು ಗಂಟೆವರೆಗೂ ಗೊರಕೆ ಹೊಡೆಯೋ ಕುಂಭಕರ್ಣ. ಆದರೂ ಅತ್ತೆ ನಂಬಿದ್ದಾರೆ ಅಂದ್ಕೊಂಡಿದ್ದೆ, ನನ್ನ ಬುದ್ಧಿಗಿಷ್ಟು! ನಾನು ವಾಪಸ್ ಬಂದು ಒಳಗೆ ಕಾಲಿಡೋ ಹೊತ್ತಿಗೆ ಅವರು "ವಾಕಿಂಗ್ ಆಯ್ತಾ?" ಅಂತ ಬಿಸಿ ಬಿಸಿ ಕಾಫಿ ಕೈಗಿಡೋರು. ನಾನು ಅದನ್ನು ಕುಡಿದು, ಸೋಮವಾರ ಆಫೀಸಿಗೆ ಹೋಗಿ, "ನಮ್ಮತ್ತೆ ಜೈಲರ್ ಕಣ್ರೇ" ಅಂತಿದ್ದೆ.

ಬಟನ್ ಟೈರು ಡಾಂಬರಿನ ಮೇಲೆ ಗರಗರ ಅನ್ನುತ್ತೆ. ಒಂದು ಸಂಜೆ ಎದುರುಮನೆ ಆಂಟಿ ಗೇಟಿನ ಹತ್ತಿರ ನಿಂತು ಅತ್ತೆಯನ್ನ ಕೇಳಿಯೇಬಿಟ್ಟರು: "ಏನ್ರೀ, ನಿಮ್ಮನೇಲಿ ಬೆಳಬೆಳಗ್ಗೇನೇ ಹಿಟ್ಟಿನ ಮಿಷನ್ ಓಡಿಸ್ತೀರೋ ಹೇಗೆ?" ಅತ್ತೆ ನಕ್ಕುಬಿಟ್ಟರು. ಪಕ್ಕದಲ್ಲಿದ್ದ ನನ್ನ ಮುಖ ಕೆಂಡ ಆಯ್ತು.

ಮಾರನೇ ದಿನವೇ ಜೆಪಿ ನಗರದ ಸೈಕಲ್ ಅಂಗಡಿಗೆ ಓಡಿದೆ. ಅಂಗಡಿಯವರು, "ರೋಡೂ ಮಣ್ಣೂ ಎರಡೂ ಅಂದ್ರೆ ಮುಂದೆ ಬಟನ್ನೇ ಇರ್ಲಿ ಮೇಡಂ, ಹಿಂದೆ ಬೇಕಾದ್ರೆ ಉಬ್ಬಿಲ್ಲದ ಪ್ಲೇನ್ ಟೈರು ಹಾಕೋಣ" ಅಂದರು.

"ಇದ್ರಲ್ಲಿ ಯಾವುದು ಸದ್ದೇ ಮಾಡಲ್ಲ?"

ಅವರು ಒಂದು ಸಲ ನನ್ನ ಮುಖ ನೋಡಿದರು. "ಪ್ಲೇನು. ಆದ್ರೆ ಮಣ್ಣಲ್ಲಿ..."

"ಎರಡಕ್ಕೂ ಅದನ್ನೇ ಹಾಕಿ" ಅಂದೆ. ಹಳೇ ಟೈರುಗಳನ್ನ ಮನೆಗೆ ತಂದು ಶೆಡ್ಡಿನ ಮೊಳೆಗೆ ನೇತುಹಾಕಿದೆ.

ಆ ಶನಿವಾರ ಬೀದಿ ದಾಟಿದ್ದು ನನಗೇ ಕೇಳಿಸಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯೋದು ಅಂದರೆ ಇದೇ. ರಾತ್ರಿ ಮಳೆ ಬಂದಿತ್ತು. ತುರಹಳ್ಳಿ ಇಳಿಜಾರಲ್ಲಿ ಬ್ರೇಕ್ ಒತ್ತಿದೆ ಅಷ್ಟೇ, ಮುಂದಿನ ಚಕ್ರ ಸರ್ರನೆ ಜಾರಿತು. ಮಂಡಿ ತರಚಿತು, ಹ್ಯಾಂಡಲ್ ತಿರುಚಿಕೊಳ್ತು. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿದ ಹಾಗೇ ಇತ್ತು. ನನ್ನನ್ನೇ ಬೈಕೊಳ್ತಾ ಸೈಕಲ್ ತಳ್ಳಿಕೊಂಡು ಅಷ್ಟು ದೂರ ನಡೆದೆ.

ನಮ್ಮ ಬೀದಿಗೆ ತಿರುಗುವಾಗ ಬಿಸಿಲು ಏರಿತ್ತು. ಬೀದಿ ಮಧ್ಯೆ ಅತ್ತೆ! ತಲೆ ಬಾಚದೆ, ಕುಂಕುಮ ಇಡದೆ ಗೇಟು ದಾಟಿದವರಲ್ಲ ಅವರು. ಇವತ್ತು ಕೂದಲು ಕೆದರಿಕೊಂಡು, ಕಂಡಕಂಡವರನ್ನೆಲ್ಲ ನಿಲ್ಲಿಸಿ ಕೇಳ್ತಿದ್ದಾರೆ: "ನಮ್ಮ ಸೊಸೆ ಸೈಕಲ್ ಹತ್ಕೊಂಡು ಹೋದೋಳು ಇನ್ನೂ ಬಂದಿಲ್ಲ ಕಣ್ರಪ್ಪಾ, ಎಲ್ಲಾದ್ರೂ ಕಂಡ್ಳಾ?" ಎದುರುಮನೆ ಆಂಟಿ ಅವರ ತೋಳು ಹಿಡಿದು ನಿಂತಿದ್ದಾರೆ. ನಾನು ಇಷ್ಟು ದಿನ ಬಚ್ಚಿಟ್ಟಿದ್ದನ್ನ ಅತ್ತೆ ಇಡೀ ಬೀದಿಗೆ ಕೂಗಿ ಹೇಳ್ತಿದ್ದರು.

ನನ್ನ ಕಂಡಿದ್ದೇ ಬೈಗುಳ ಶುರುವಾಯ್ತು. ಬೈತಾನೇ ಸೈಕಲ್ಲಿನ ಇನ್ನೊಂದು ಪಕ್ಕ ಹಿಡಿದು ಶೆಡ್ಡಿನವರೆಗೂ ತಳ್ಳಿಕೊಂಡು ಬಂದರು.

"ಆ ಗರಗರ ಸದ್ದು ತಿರುವಿನಲ್ಲಿ ಕೇಳಿದ್ಮೇಲೇ ಕಣೇ ನಾನು ಕಾಫಿಗೆ ಹಾಲಿಡ್ತಿದ್ದಿದ್ದು. ಇವತ್ತು ಹೋಗಿದ್ದೂ ಕೇಳ್ಲಿಲ್ಲ, ಬರೋದೂ ಕೇಳ್ಲಿಲ್ಲ. ಜೀವ ಬಾಯಿಗೆ ಬಂದಿತ್ತು. ಯಾಕೆ ತೆಗೆಸಿಬಿಟ್ಟೆ ಆ ಟೈರನ್ನ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಆಗಲಾದರೂ ನಿಜ ಹೇಳಬಹುದಿತ್ತು. ನನ್ನ ಬಾಯಿಂದ ಬಂದಿದ್ದು, "ಸವೆದು ಹೋಗಿತ್ತು ಅತ್ತೆ."

ಅವರು ತಲೆ ಎತ್ತಿ ಮೊಳೆಯ ಮೇಲಿದ್ದ ಟೈರು ನೋಡಿದರು. ಕೈ ಚಾಚಿ ಒಂದು ಉಬ್ಬನ್ನ ಹೆಬ್ಬೆಟ್ಟಿನಲ್ಲಿ ಒತ್ತಿದರು. ಅದು ಒಂದಿಷ್ಟೂ ಸವೆದಿರಲಿಲ್ಲ.

"ಹೂಂ, ಸವೆದಿದೆ" ಅಂದರು. "ನಡಿ, ಮಂಡಿಗೆ ಅರಿಶಿನ ಹಚ್ತೀನಿ. ಹಾಲೂ ಇಡ್ಬೇಕು."