ಗೋಡೆಯಾಚೆಯ ಹಿಡಿ

ಹುಸೇನ ಹಾರೆ ಹಿಡಿದು ನನ್ನ ಕೆಲಸದ ಕೋಣೆಗೆ ನುಗ್ಗಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಚನ್ನಪಟ್ಟಣದಲ್ಲಿ ನಮ್ಮವು ಒಂದೇ ಗೋಡೆಗೆ ಅಂಟಿದ ಎರಡು ಮನೆ. ಇಬ್ಬರದೂ ಗೊಂಬೆ ಕೆಲಸ. ಗರಗಸದ ಒಂದು ತುದಿ ಅವನು, ಇನ್ನೊಂದು ತುದಿ ನಾನು ಹಿಡಿದು ಮರ ಕುಯ್ಯುತ್ತಿದ್ದೆವು. ನಾನು ಬೆಂಗಳೂರಿನಿಂದ ದುಂಡು ಗರಗಸದ ಮೇಜು ತರಿಸಿದೆನೋ ಇಲ್ಲವೋ, ಅವನು ಮಾತು ಬಿಟ್ಟ.

ಅಂದು ಮೇಜು ಹೂಡಿ ನೋಡಿದರೆ, ಗರಗಸ ತಿರುಗಿಸುವ ದೊಡ್ಡ ಚಕ್ರದ ಹಿಡಿ ಗೋಡೆಗೆ ಬಡಿಯುತ್ತಿತ್ತು. ಹಿಂದಕ್ಕೆ ಸರಿಸೋಣವೆಂದರೆ ಕೋಣೆಯಲ್ಲಿ ಜಾಗವಿಲ್ಲ. ಆ ಸದ್ದು ಕೇಳಿಯೇ ಹುಸೇನ ಬಂದಿದ್ದ. ಚಕ್ರವನ್ನು ನೋಡಿದ, ಗೋಡೆಯನ್ನು ನೋಡಿದ.

"ಇದ್ನ ತಿರುಗ್ಸೋಕೂ ಇನ್ನೊಬ್ಬ ಬೇಕೇನ್ಲಾ?"

"ಬೇಕು ಕಣ್ಲಾ. ನಾನು ಮರ ತಳ್ಳಬ್ಯಾಡ್ವಾ?"

"ಮೊದ್ಲೇ ಯೋಳ್ಬಾರ್ದಾ! ಒಸಿ ಸರ್ಕೊ ಅತ್ಲಾಗೆ," ಎಂದವನೇ ಮಣ್ಣಿನ ಗೋಡೆಗೆ ಹಾರೆ ಹಾಕಿದ. ಸಂಜೆಯ ಹೊತ್ತಿಗೆ ಕಿಂಡಿ ಬಿತ್ತು. ಅವನು ತನ್ನ ಮನೆಯಲ್ಲೇ ನಿಂತು, ಕಿಂಡಿಯಲ್ಲಿ ಚಾಚಿಕೊಂಡ ಹಿಡಿ ತಿರುಗಿಸಿದ. ಇತ್ತ ನನ್ನ ಮೇಜಿನ ಮೇಲೆ ಹಾಲೆಮರದ ಮೊದಲ ತುಂಡು ಬೆಣ್ಣೆಯಂತೆ ಸೀಳಿಹೋಯಿತು.

ಆ ಕಿಂಡಿ ಇನ್ನೂ ಹಾಗೇ ಇದೆ. ನಮ್ಮ ಹೆಂಗಸರು ಅದರಲ್ಲೇ ಉಪ್ಪು, ಕೆಂಡ ಈಸಿಕೊಳ್ಳುತ್ತಾರೆ. ಹುಸೇನ ನಮಾಜಿಗೆ ಎದ್ದರೆ ನನ್ನ ಗರಗಸವೂ ನಿಲ್ಲುತ್ತದೆ. ನಾನು ಮೈಮೇಲಿನ ಹೊಟ್ಟು ಕೊಡವಿಕೊಂಡು, ಹಿಂದಿನಂತೆಯೇ, ಅವನು ಬರುವವರೆಗೆ ಕಾಯುತ್ತೇನೆ.