ನುಗ್ಗೆಹೂವಿನೊಳಗಿನ ಮುಖ

ಕರವಸ್ತ್ರದಷ್ಟು ಬನಿಯನ್ ಬಟ್ಟೆ. ಅಡ್ಡಕ್ಕೆ ಆರು, ಉದ್ದಕ್ಕೆ ಆರು ನುಗ್ಗೆಹೂವಿನ ಗೊಂಚಲು. ಅಂಚಿನ ಒಂದರಲ್ಲಿ ಮಾತ್ರ ಹಸಿರು ಸ್ವಲ್ಪ ಹರಡಿದೆ. ನಿನ್ನೆ ತಿರುಪ್ಪೂರಿನ ಹತ್ತಿರದ ಸೋಮನೂರಿನ ನಮ್ಮ ಮನೆಯಲ್ಲಿ ಕಾಲೇಜಿನ ಪುಸ್ತಕವೊಂದನ್ನು ತೆರೆದಾಗ ಜಾರಿ ಬಿತ್ತು. ಮೂಗಿಗೆ ಹಿಡಿದೆ. ಬಣ್ಣದ ವಾಸನೆ ಇನ್ನೂ ಇತ್ತು... ಎದುರು ಮನೆಯ ತಾತನಿಗೆ ತೋರಿಸಬೇಕಾಗಿದ್ದ ತುಂಡು ಅದು.

ತಾತ ಒಂದು ಕಾಲಕ್ಕೆ ಸೀರೆಯಂಚುಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಡುತ್ತಿದ್ದವರು. ನಾನು ಕಾಣುವ ಹೊತ್ತಿಗೆ ಕೈ ನಡುಗುತ್ತಿತ್ತು. ಹತ್ತಿರದ್ದು ಮಸುಕು, ದೂರದ್ದು ಚೆನ್ನಾಗಿ ಕಾಣುತ್ತಿತ್ತು. ನಮ್ಮ ಹಾಗೆ ಅವರದೂ ಮನೆಮಾತು ಕನ್ನಡ, ಆದರೆ ನನ್ನನ್ನು ಕರೆಯುತ್ತಿದ್ದದ್ದು ಇಲ್ಲಿಯ ತಮಿಳಿನಲ್ಲಿ, ಹುಡುಗಿಯರನ್ನು ಮುದ್ದಿನಿಂದ ಕರೆಯುವ ‘ಅಮ್ಮಿಣಿ’ ಎಂದು.

ಓದು ಮುಗಿದ ವರ್ಷ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯವರು ಮಕ್ಕಳ ಬಟ್ಟೆಗೆ ಒಂದು ಡಿಸೈನ್ ಮಾಡಿ ತರಲು ಹೇಳಿದ್ದರು. ಹಿಡಿಸಿದರೆ ಕೆಲಸ. ಹಿತ್ತಲಿನ ನುಗ್ಗೆಹೂವಿನ ಫೋಟೊ ತೆಗೆದು, ಲ್ಯಾಪ್‌ಟಾಪಿನಲ್ಲಿ ಒಂದು ಚೌಕ ಕತ್ತರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪಕ್ಕಕ್ಕೆ ಜೋಡಿಸಿದೆ. ಆ ಜೋಡಿಯನ್ನೇ ಪರದೆಯ ತುಂಬ ಹರಡಿದೆ. ಕೂಡಿಸಿದ ಗೆರೆ ಎಲ್ಲೂ ಕಾಣಲಿಲ್ಲ. ಸೆಖೆಯೆಂದು ಬೀದಿಗೆ ಬೆನ್ನು ಮಾಡಿ ಬಾಗಿಲಲ್ಲೇ ಕುಳಿತಿದ್ದೆ.

“ಯಾರು ಅಮ್ಮಿಣಿ ಅದು, ಹಿಂಗೆ ಗುರಾಯ್ಸ್ತಾ ಇರೋದು?” ಎದುರಿನ ಜಗಲಿಯಿಂದ ತಾತ ಕೂಗಿದರು.

“ಯಾರೂ ಇಲ್ಲ ತಾತ, ನುಗ್ಗೆಹೂವು.”

“ಹೂವಾ? ನಮ್ಮ ಬೀಗಿತ್ತಿ ಕೋಪ ಮಾಡ್ಕೊಂಡು ಕೂತಂಗೆ ಐತೆ. ಇಲ್ಲಿ ಬಂದು ನೋಡು.”

ಲ್ಯಾಪ್‌ಟಾಪನ್ನು ಹೊಸ್ತಿಲ ಮೇಲಿಟ್ಟು ಬೀದಿ ದಾಟಿದೆ. ಎರಡು ಮೊಗ್ಗು ಕಣ್ಣಾಗಿದ್ದವು, ತೊಟ್ಟು ಮೂಗಾಗಿತ್ತು. ಪರದೆಯ ತುಂಬ ಸಾಲುಸಾಲಾಗಿ ಅದೇ ಹೆಂಗಸು ನನ್ನನ್ನು ದಿಟ್ಟಿಸುತ್ತಿದ್ದಳು.

“ಇದನ್ನ ಮಗೂಗೆ ಹಾಕಿದ್ರೆ ಮಗು ಅಳಲ್ಲ, ಎತ್ಕೊಂಡೋರು ಅಳ್ತಾರೆ,” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ಹತ್ರ ಕೂತು ಮಾಡೋಳು ನೀನು. ನೋಡೋರು ಎದುರಿಂದ ಬರ್ತಾರೆ,” ಎಂದರು.

ಆ ಮಧ್ಯಾಹ್ನವೆಲ್ಲ ನಾನು ಗೊಂಚಲನ್ನು ವಾಲಿಸುತ್ತಿದ್ದೆ, ಮೊಗ್ಗುಗಳನ್ನು ಸರಿಸುತ್ತಿದ್ದೆ. ನಮ್ಮ ಬೀದಿಯ ಮಗ್ಗಗಳ ಸದ್ದನ್ನು ಮೀರಿ ಜಗಲಿಯಿಂದ ವರದಿ ಬರುತ್ತಿತ್ತು. “ಮೂಗು ಹೋಯ್ತು, ಕಣ್ಣು ಐತೆ.” “ಒಂದೇ ಕಣ್ಣು.” ಕೊನೆಗೆ, “ಹೋದ್ಲು!”

ಕಂಪನಿಯಲ್ಲಿ ಡಿಸೈನ್ ನೋಡುವವರು ಹಾಳೆಯನ್ನು ಕೈಚಾಚಿ ದೂರ ಹಿಡಿದರು. ಕನ್ನಡಿಯಂತೆ ತಿರುಗಿಸಿ ಜೋಡಿಸಿದರೆ ಎಲ್ಲರದರಲ್ಲೂ ಒಂದು ಮುಖ ಬಂದು ಕೂರುತ್ತದೆ, ನಿಮ್ಮದರಲ್ಲಿ ಇಲ್ಲ, ಒಳ್ಳೆಯ ಕಣ್ಣು ನಿಮ್ಮದು ಎಂದು ತಮಿಳಿನಲ್ಲಿ ಹೊಗಳಿದರು. ನಾನು ಥ್ಯಾಂಕ್ಸ್ ಹೇಳಿದೆ. ಅಷ್ಟೇ ಹೇಳಿದೆ...

“ಏನಂದ್ರು?” ಎಂದು ತಾತ ಕೇಳಿದರು.

“ಓಕೆ ಅಂದ್ರು ತಾತ.”

“ಅಚ್ಚಾದ್ಮೇಲೆ ಒಂದು ತುಂಡು ತಾ. ಇಲ್ಲಿಂದ್ಲೇ ನೋಡ್ತೀನಿ.”

ತುಂಡು ಬೇಗನೆ ಸಿಕ್ಕಿತು. ತಿರುಪ್ಪೂರಿನ ಹಾಸ್ಟೆಲಿನಿಂದ ನಾನು ಊರಿಗೆ ಬಂದದ್ದು ನಾಲ್ಕು ಸಲ. ತೋರಿಸಿದರೆ ಕಂಪನಿಯವರು ನನ್ನ ಕಣ್ಣನ್ನು ಹೊಗಳಿದ್ದನ್ನೂ, ನಾನು ತಾತನ ಮಾತೆತ್ತದೆ ಬಂದದ್ದನ್ನೂ ಹೇಳಬೇಕಾಗುತ್ತಿತ್ತು. ಮುಂದಿನ ಸಲ ಎಂದುಕೊಂಡೆ. ಐದನೆಯ ಸಲ ಬಂದಾಗ ಜಗಲಿಯ ಮೇಲೆ ತಾತನೂ ಇರಲಿಲ್ಲ, ಅವರ ಕುರ್ಚಿಯೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಆ ಬಟ್ಟೆಯನ್ನು ನಮ್ಮ ಮನೆಯ ಮುಂದಿನ ಹಗ್ಗಕ್ಕೆ ಎರಡು ಕ್ಲಿಪ್ಪು ಹಾಕಿ ತೂಗುಬಿಟ್ಟೆ. ಬೀದಿ ದಾಟಿ ತಾತನ ಜಗಲಿಯ ಮೇಲೆ ಕುಳಿತು ನೋಡಿದೆ. ಹೂವಷ್ಟೇ ಕಂಡಿತು. ಅಂಗಳ ಗುಡಿಸುತ್ತಿದ್ದ ಅವರ ಸೊಸೆ ಪೊರಕೆ ನಿಲ್ಲಿಸಿ, “ಏನಮ್ಮಾ ನೋಡ್ತಾ ಇದೀಯ?” ಎಂದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಹೂವುಗಳಲ್ಲಿ ಮೊದಲು ಎಂಥ ಹೆಂಗಸಿದ್ದಳು, ಅವಳನ್ನು ಓಡಿಸಿದವರು ಯಾರು ಎಂದು ಹೇಳಿದೆ.